ವೈದ್ಯಕೀಯ ಸಂಶೋಧನೆಗೆ ನೆರವಾಗುವ ಆನ್‌ಲೈನ್ ಆಟಗಳು: ಪಿಯು ವಿದ್ಯಾರ್ಥಿಗಳನ್ನು ತೊಡಗಿಸಬಹುದೇ?

ಪ್ರಶ್ನೆ: ಜೀವಶಾಸ್ತ್ರ ಉಪನ್ಯಾಸಕಿ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮಲ್ಲಿ ಸಾಧಾರಣ ಮಟ್ಟದ ಒಂದು ಕಂಪ್ಯೂಟರ್ ಲ್ಯಾಬ್ ಇದೆ. ಶನಿವಾರ ಮಧ್ಯಾಹ್ನ ತರಗತಿಗಳು ಮುಗಿದ ಮೇಲೆ ಅದು ಖಾಲಿ ಬಿದ್ದಿರುತ್ತದೆ. ಊರಿನ ಬಸ್ಸಿಗೆ ಇನ್ನೂ ಹೊತ್ತಿರುವ ಪ್ರಥಮ ಪಿಯು ಮಕ್ಕಳನ್ನು ಆಗ ಕೂರಿಸಿಕೊಂಡು, ವೈದ್ಯಕೀಯ ಸಂಶೋಧನೆಗೆ ನೆರವಾಗುವ ಆನ್‌ಲೈನ್ ಆಟಗಳಲ್ಲಿ ಯಾವುದಾದರೊಂದನ್ನು ಆಡಿಸಬೇಕೆಂಬ ಯೋಚನೆ ಬಂದಿದೆ. ಪ್ರೋಟೀನನ್ನು ಮಡಿಸುವ ಫೋಲ್ಡಿಟ್, ಇಲಿಯ ಮಿದುಳಿನ ರಕ್ತನಾಳಗಳನ್ನು ನೋಡಿ ಹೇಳುವ ಸ್ಟಾಲ್ ಕ್ಯಾಚರ್ಸ್, ಆರ್‌ಎನ್‌ಎ ವಿನ್ಯಾಸ ಮಾಡುವ ಎಟರ್ನಾ, ಜೀವಕೋಶದ ಚಿತ್ರಗಳ ಮೇಲೆ ಗೆರೆ ಎಳೆಯುವ, ಝೂನಿವರ್ಸ್ ಎಂಬ ಜಾಲತಾಣದ ಯೋಜನೆ, ಇಷ್ಟನ್ನು ನಾನೇ ಒಂದಷ್ಟು ಆಡಿ ನೋಡಿದ್ದೇನೆ.

ಆದರೆ ಮಕ್ಕಳ ಮುಂದೆ ನಿಂತು "ನೀವು ಮಾಡುತ್ತಿರುವುದು ನಿಜವಾದ ಸಂಶೋಧನೆಯ ಕೆಲಸ" ಎಂದು ಹೇಳುವ ಮೊದಲು ಆ ಮಾತು ನನಗೆ ಖಾತ್ರಿಯಾಗಬೇಕು. ಇಲ್ಲಿ ಮಕ್ಕಳು ಒತ್ತುವ ಉತ್ತರ ಯಾವುದಾದರೂ ಪ್ರಯೋಗಾಲಯಕ್ಕೆ ನಿಜವಾಗಿ ತಲುಪುತ್ತದೆಯೇ, ಅಥವಾ ಜನರಿಗೆ ವಿಜ್ಞಾನದಲ್ಲಿ ಆಸಕ್ತಿ ಹುಟ್ಟಿಸುವ ಪ್ರಚಾರವಷ್ಟೇ ಇದರ ಉದ್ದೇಶವೇ? ಹದಿನಾರು ವರ್ಷದ, ಯಾವ ತರಬೇತಿಯೂ ಇಲ್ಲದ ಮಕ್ಕಳು ತಪ್ಪು ಉತ್ತರ ಕೊಟ್ಟರೆ ಸಂಶೋಧನೆ ಕೆಡುವುದಿಲ್ಲವೇ? ಇನ್ನೊಂದು ಅನುಮಾನವನ್ನು ನಮ್ಮ ಭೌತಶಾಸ್ತ್ರದ ಸಹೋದ್ಯೋಗಿ ಎತ್ತಿದರು: ಪ್ರೋಟೀನಿನ ಆಕಾರವನ್ನು ಈಗ ಕಂಪ್ಯೂಟರೇ ಹೇಳಿಬಿಡುವಾಗ ಮನುಷ್ಯರು ಕೂತು ಮಡಿಸುವ ಅಗತ್ಯವಾದರೂ ಏನು? ಈ ಕೆಲಸ ಮಾಡಿ ಬಲ್ಲವರು, ಅಥವಾ ಪ್ರಯೋಗಾಲಯದ ಕಡೆಯಿಂದ ಇದನ್ನು ನೋಡಿದವರು ದಯವಿಟ್ಟು ವಿವರವಾಗಿ ತಿಳಿಸಿ. ಯಾವುದರಿಂದ ಆರಂಭಿಸಬೇಕು ಎಂಬುದನ್ನೂ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 1: ನಿವೃತ್ತ ಪ್ರಯೋಗಾಲಯ ತಂತ್ರಜ್ಞ, ಮೈಸೂರು

ಮೇಡಂ, ತರಬೇತಿ ಇಲ್ಲದವರ ತಪ್ಪಿನ ಬಗ್ಗೆ ನೀವು ಕೇಳಿರುವುದೇ ಈ ವಿಷಯದ ತಿರುಳು ಎಂದು ನನಗೆ ಅನಿಸುತ್ತದೆ. ಆದ್ದರಿಂದ ಅದಕ್ಕೇ ಹೆಚ್ಚು ಜಾಗ ತೆಗೆದುಕೊಳ್ಳುತ್ತೇನೆ.

ನನ್ನ ಕೆಲಸದ ಬದುಕಿನ ಬಹುಪಾಲು ಮಲೇರಿಯಾ ಸ್ಲೈಡ್ ನೋಡುವುದರಲ್ಲೇ ಕಳೆಯಿತು. ಬೆರಳ ತುದಿಯ ರಕ್ತವನ್ನು ಗಾಜಿನ ಮೇಲೆ ದಪ್ಪಗೆ ಸವರಿ, ಒಣಗಿಸಿ, ಜೆಎಸ್‌ಬಿ ಬಣ್ಣ ಹಾಕಿ, ಒಂದು ಹನಿ ಎಣ್ಣೆ ಬಿಟ್ಟು ಸೂಕ್ಷ್ಮದರ್ಶಕದ ಅಡಿ ಇಟ್ಟರೆ, ನಾವು ಹುಡುಕುವ ಪರಾವಲಂಬಿ ಒಂದು ಕೆಂಪು ಚುಕ್ಕೆ ಮತ್ತು ಅದಕ್ಕೆ ಅಂಟಿದ ನೀಲಿ ಎಳೆಯಷ್ಟೇ ಆಗಿರುತ್ತದೆ. ಅದರ ಸುತ್ತ ಬಿಳಿ ರಕ್ತಕಣಗಳ ಕೋಶಕೇಂದ್ರಗಳು, ಕಿರುಬಿಲ್ಲೆಗಳು, ಸರಿಯಾಗಿ ತೊಳೆಯದೆ ಉಳಿದ ಬಣ್ಣದ ಕಸ, ಎಲ್ಲವೂ ಅದೇ ಬಣ್ಣಗಳಲ್ಲೇ ಹರಡಿಕೊಂಡಿರುತ್ತವೆ. 100 ದೃಶ್ಯಕ್ಷೇತ್ರ ನೋಡದೆ ಸ್ಲೈಡನ್ನು ನೆಗೆಟಿವ್ ಎಂದು ಬರೆಯಬಾರದೆಂಬುದು ನಮಗೆ ಕಲಿಸಿದ ಶಿಸ್ತು. ಹಾಗೆ ನೋಡಿದ ಮೇಲೂ ಒಂದು ಪಾಲು ಸ್ಲೈಡುಗಳು ಮರುಪರಿಶೀಲನೆಗೆ ಹೋಗುತ್ತಿದ್ದವು, ಏಕೆಂದರೆ ಪಳಗಿದ ಕಣ್ಣೂ ಒಮ್ಮೊಮ್ಮೆ ತಪ್ಪುತ್ತದೆ. ಆದರೆ ಇಬ್ಬರ ಕಣ್ಣು ಒಂದೇ ಜಾಗದಲ್ಲಿ ತಪ್ಪುವುದು ಅಪರೂಪ, ಹತ್ತಾರು ಜನರ ಕಣ್ಣು ಒಂದೇ ಜಾಗದಲ್ಲಿ ತಪ್ಪುವುದು ಇನ್ನೂ ಅಪರೂಪ.

ಈ ಆಟಗಳು ನಿಂತಿರುವುದು ಇದರ ಮೇಲೆಯೇ. ಮ್ಯಾಡ್ರಿಡ್‌ನ ತಾಂತ್ರಿಕ ವಿಶ್ವವಿದ್ಯಾಲಯದವರು 2012ರಲ್ಲಿ ಮಲೇರಿಯಾಸ್ಪಾಟ್ ಎಂಬ ಆಟವನ್ನು ಪ್ರಯೋಗಕ್ಕಿಟ್ಟರು. ದಪ್ಪ ಲೇಪದ ಚಿತ್ರವೊಂದು ಪರದೆಯ ಮೇಲೆ ಬರುತ್ತದೆ. ಒಂದು ನಿಮಿಷದೊಳಗೆ ಅದರಲ್ಲಿರುವ ಪರಾವಲಂಬಿಗಳನ್ನೆಲ್ಲ ಗುರುತಿಸಬೇಕು. ಒಂದೇ ತಿಂಗಳಲ್ಲಿ 95 ದೇಶಗಳ ಅನಾಮಿಕ ಆಟಗಾರರು 12,000ಕ್ಕೂ ಹೆಚ್ಚು ಸಲ ಆಡಿದರು. ವೈದ್ಯಕೀಯ ಓದಿಲ್ಲದ ಆಟಗಾರರು ಒಂದೇ ಚಿತ್ರವನ್ನು ಆಡಿದ 22 ಆಟಗಳ ಫಲಿತಾಂಶವನ್ನು ಒಟ್ಟುಗೂಡಿಸಿದಾಗ ಎಣಿಕೆಯ ನಿಖರತೆ ಶೇ. 99ಕ್ಕಿಂತ ಹೆಚ್ಚು ಬಂತು. ಒಬ್ಬೊಬ್ಬರನ್ನೇ ತೆಗೆದುಕೊಂಡರೆ ಅವರಲ್ಲಿ ಯಾರ ಕೈಗೂ ನಾನು ಒಂದು ಸ್ಲೈಡ್ ಕೊಡುತ್ತಿರಲಿಲ್ಲ. ಒಟ್ಟಾಗಿ ಅವರು ಕೊಟ್ಟ ಉತ್ತರವನ್ನು ಮಾತ್ರ ಯಾವ ಅಳುಕೂ ಇಲ್ಲದೆ ವರದಿಗೆ ಬರೆಯುತ್ತಿದ್ದೆ.

ನೀವು ಹೆಸರಿಸಿದ ಸ್ಟಾಲ್ ಕ್ಯಾಚರ್ಸ್‌ನಲ್ಲಿಯೂ ಇದೇ ಏರ್ಪಾಡು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದು ಆಲ್‌ಝೈಮರ್ಸ್ ಲಕ್ಷಣ ಬರುವಂತೆ ಬೆಳೆಸಿದ ಇಲಿಗಳ ಮಿದುಳನ್ನು ವಿಶೇಷ ಸೂಕ್ಷ್ಮದರ್ಶಕದಿಂದ ಚಿತ್ರೀಕರಿಸುತ್ತದೆ. ರಕ್ತಕ್ಕೆ ಹೊಳೆಯುವ ಬಣ್ಣ ಸೇರಿಸಿರುವುದರಿಂದ ಪ್ಲಾಸ್ಮಾ ಬೆಳ್ಳಗೆ ಕಾಣುತ್ತದೆ. ಬಣ್ಣ ಹೀರದ ರಕ್ತಕಣಗಳು ಕಪ್ಪು ಮಚ್ಚೆಗಳಾಗಿ ಕಾಣುತ್ತವೆ. ಗೆರೆ ಹಾಕಿ ತೋರಿಸಿದ ಒಂದು ಲೋಮನಾಳವನ್ನು (ಅತಿ ಸಣ್ಣ ರಕ್ತನಾಳವನ್ನು) ಪರದೆಯ ಕೆಳಗಿನ ಪಟ್ಟಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಾ ನೋಡಬೇಕು. ಮಚ್ಚೆಗಳು ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಜಾಗ ಬದಲಿಸಿದರೆ ರಕ್ತ ಹರಿಯುತ್ತಿದೆ ಎಂದರ್ಥ, ಅದೇ ಮಚ್ಚೆ ಅದೇ ಜಾಗದಲ್ಲಿ ಕೂತಿದ್ದರೆ ಅಲ್ಲಿ ಹರಿವು ನಿಂತಿದೆ. ನಡುನಡುವೆ, ಉತ್ತರ ಮೊದಲೇ ಗೊತ್ತಿರುವ ನಾಳಗಳನ್ನೂ ತೋರಿಸಿ ಆಟಗಾರನ ಕಣ್ಣು ಎಷ್ಟು ಸೂಕ್ಷ್ಮವಾಗಿದೆ ಎಂದು ಅಳೆಯುತ್ತಾರೆ, ಮತ್ತು ಆ ಅಳತೆಗೆ ತಕ್ಕಷ್ಟೇ ತೂಕವನ್ನು ಅವನ ಮತಕ್ಕೆ ಕೊಡುತ್ತಾರೆ. ಹೀಗಾಗಿ ನಿಮ್ಮ ವಿದ್ಯಾರ್ಥಿ ಅಜಾಗರೂಕನಾದರೆ ಅವನ ಮಾತಿನ ತೂಕ ತಾನಾಗಿಯೇ ಇಳಿಯುತ್ತದೆ. ಸಂಶೋಧನೆ ಕೆಡುವುದಿಲ್ಲ.

ಆ ಇಲಿಗಳಲ್ಲಿ ನಿಂತುಹೋದ ಲೋಮನಾಳಗಳು ನೂರಕ್ಕೆ ಎರಡರಷ್ಟೇ. ಅಷ್ಟಕ್ಕೇಕೆ ಇಷ್ಟು ಚಿಂತೆ ಎಂದು ಮಕ್ಕಳು ಕೇಳಿದರೆ, ವಿ.ಸಿ. ನಾಲೆಯ ಒಂದು ತೂಬಿನಲ್ಲಿ ಕಸ ಸಿಕ್ಕಿಕೊಂಡರೆ ಅದರ ಕೆಳಗಿನ ಎಷ್ಟು ಗದ್ದೆಗಳಿಗೆ ನೀರು ತಪ್ಪುತ್ತದೆ ಎಂದು ಅವರನ್ನೇ ಕೇಳಿ. ಮಂಡ್ಯದ ಮಕ್ಕಳಿಗೆ ಮುಂದಿನದನ್ನು ವಿವರಿಸಬೇಕಾಗುವುದಿಲ್ಲ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ನಾಳದ ಗೋಡೆಗೆ ಅಂಟಿಕೊಳ್ಳುವುದರಿಂದ ಹೀಗಾಗುತ್ತದೆ ಎಂದೂ, ಅವು ಅಂಟದಂತೆ ತಡೆದಾಗ ಇಲಿಗಳ ಮಿದುಳಿಗೆ ರಕ್ತದ ಹರಿವು ಹೆಚ್ಚಿ ಅವುಗಳ ಅಲ್ಪಾವಧಿ ನೆನಪಿನ ಪರೀಕ್ಷೆಯ ಫಲಿತಾಂಶ ಸುಧಾರಿಸಿತು ಎಂದೂ ಆ ಪ್ರಯೋಗಾಲಯ 2019ರಲ್ಲಿ ಪ್ರಕಟಿಸಿತು. ಒಂದೊಂದು ಪ್ರಯೋಗಕ್ಕೂ ಸಾವಿರಾರು ನಾಳಗಳನ್ನು ಕಣ್ಣಿನಿಂದಲೇ ನೋಡಬೇಕಾಗಿದ್ದುದರಿಂದ ಕೆಲಸ ಸಾಗುತ್ತಿರಲಿಲ್ಲ, ಅದಕ್ಕಾಗಿಯೇ 2016ರಲ್ಲಿ ಈ ಆಟ ಹುಟ್ಟಿತು.

ಒಂದು ಎಚ್ಚರಿಕೆ. ಜನರ ಸಂಖ್ಯೆ ತಪ್ಪನ್ನು ಅಳಿಸುವುದು ಒಬ್ಬೊಬ್ಬರೂ ಸ್ವತಂತ್ರವಾಗಿ ತೀರ್ಮಾನಿಸಿದಾಗ ಮಾತ್ರ. ಲ್ಯಾಬಿನಲ್ಲಿ ಮಕ್ಕಳು ಪಕ್ಕದವರ ಪರದೆಗೆ ಇಣುಕುತ್ತಾರೆ, ತರಗತಿಯಲ್ಲಿ ಜಾಣನೆನಿಸಿಕೊಂಡವನ ಉತ್ತರವನ್ನೇ ಎಲ್ಲರೂ ಒತ್ತುತ್ತಾರೆ. ಕಲಿಯುವ ಹಂತದಲ್ಲಿ ಎಷ್ಟು ಬೇಕಾದರೂ ಚರ್ಚೆ ಆಗಲಿ. ನಿಜವಾದ ಚಿತ್ರಗಳು ಬಂದ ಮೇಲೆ ಒಬ್ಬೊಬ್ಬರೂ ತಮ್ಮ ಕಣ್ಣಿಗೆ ಕಂಡದ್ದನ್ನೇ ಒತ್ತಬೇಕು. ಇದನ್ನು ಮೊದಲ ದಿನವೇ ನಿಯಮ ಮಾಡಿ.

ನಮ್ಮ ಊರಿನ ಒಂದು ಉದಾಹರಣೆಯನ್ನೂ ಮಕ್ಕಳಿಗೆ ಹೇಳಬಹುದು. ಮೈಸೂರಿನವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ದಶಕಗಳ ನಂತರ ಸಂಶೋಧಕರು ಆ ದಾಖಲೆಗಳನ್ನು ಹಿಡಿದು, ಬೆಳೆದು ದೊಡ್ಡವರಾಗಿದ್ದ ಅದೇ ಜನರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟಿದಾಗ ತೂಕ ಕಡಿಮೆಯಿದ್ದವರಲ್ಲಿ ಮುಂದೆ ಹೃದ್ರೋಗ ಹೆಚ್ಚೆಂದು 1996ರಲ್ಲಿ ಪ್ರಕಟವಾಯಿತು. ಹೆರಿಗೆ ಕೋಣೆಯಲ್ಲಿ ಅಳತೆಪಟ್ಟಿ ಹಿಡಿದಿದ್ದ ದಾದಿಯರು ಸಂಶೋಧನೆ ಮಾಡಲು ಹೊರಟವರಲ್ಲ. ಆದರೆ ಅವರು ಅಂದಾಜಿನಲ್ಲಿ ಬರೆದಿದ್ದರೆ ಆ ಸಂಶೋಧನೆ ಆಗುತ್ತಲೇ ಇರಲಿಲ್ಲ.

ಉತ್ತರ 2: ಸಾಫ್ಟ್‌ವೇರ್ ಎಂಜಿನಿಯರ್, ವಿಜಯನಗರ, ಮೈಸೂರು

ಹಿರಿಯರ ಉತ್ತರ ಓದಿ ಬಹಳ ಸಂತೋಷವಾಯಿತು. ಆದರೂ ಮೇಡಂ ಅವರ ಸಹೋದ್ಯೋಗಿ ಎತ್ತಿದ ಅನುಮಾನವನ್ನು ಅಷ್ಟು ಸುಲಭವಾಗಿ ಬಿಡುವಂತಿಲ್ಲ. 2020ರ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಆಲ್ಫಾಫೋಲ್ಡ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಪ್ರೋಟೀನುಗಳ ಆಕಾರವನ್ನು ಪ್ರಯೋಗದ ಫಲಿತಾಂಶಕ್ಕೆ ಬಹಳ ಹತ್ತಿರವಾಗಿ ಊಹಿಸಿತು. ಅದನ್ನು ರೂಪಿಸಿದ ಡೆಮಿಸ್ ಹಸ್ಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ, ಪ್ರೋಟೀನ್ ವಿನ್ಯಾಸಕ್ಕಾಗಿ ಡೇವಿಡ್ ಬೇಕರ್ ಅವರಿಗೆ, 2024ರ ರಸಾಯನಶಾಸ್ತ್ರದ ನೊಬೆಲ್ ಬಂತು. ಫೋಲ್ಡಿಟ್ ಹುಟ್ಟಿದ್ದೂ ಬೇಕರ್ ಅವರ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿಯೇ, 2008ರಲ್ಲಿ. ಯಂತ್ರ ಮಾಡಬಲ್ಲ ಕೆಲಸವನ್ನು ಮಕ್ಕಳಿಂದ ಮಾಡಿಸಿ ಅದನ್ನು ಸೇವೆ ಎಂದು ಕರೆಯುವುದು ಅವರಿಗೆ ಮಾಡುವ ಅನ್ಯಾಯವಾಗುತ್ತದೆ. ಹಾಗಾಗಿ ಯಾವ ಯೋಜನೆಯ ಕೆಲಸ ಇಂದಿಗೂ ಮನುಷ್ಯರಿಂದಲೇ ಆಗಬೇಕಾಗಿದೆ ಎಂಬುದನ್ನು ಬಲ್ಲವರು ವಿವರಿಸಲಿ.

ನನ್ನ ಕಡೆಯಿಂದ ಒಂದು ವಿಷಯ ಸೇರಿಸುತ್ತೇನೆ. ಈ ಆಟಗಳಲ್ಲಿ ಎರಡು ಬಗೆ ಇವೆ. ಒಂದರಲ್ಲಿ ಆಟಗಾರ ಬೇರೆ ಯಾವುದೋ ದತ್ತಾಂಶವನ್ನು ಪರಿಶೀಲಿಸುತ್ತಾನೆ; ಇನ್ನೊಂದರಲ್ಲಿ ಆಟಗಾರನೇ ದತ್ತಾಂಶ. 2016ರಲ್ಲಿ ಬಂದ ಸೀ ಹೀರೋ ಕ್ವೆಸ್ಟ್ ಎರಡನೆಯ ಬಗೆಗೆ ಒಳ್ಳೆಯ ಉದಾಹರಣೆ. ಅದರಲ್ಲಿ ದೋಣಿ ನಡೆಸುತ್ತಾ ದಾರಿ ಕಂಡುಕೊಳ್ಳುವ ರೀತಿಯಿಂದ, ವಯಸ್ಸಿನೊಂದಿಗೆ ಮನುಷ್ಯರ ದಾರಿ ಹಿಡಿಯುವ ಶಕ್ತಿ ಹೇಗೆ ಬದಲಾಗುತ್ತದೆ ಎಂದು ತಿಳಿಯಲಾಯಿತು. ಮರೆವಿನ ಕಾಯಿಲೆಯನ್ನು ಬೇಗ ಗುರುತಿಸಲು ಆರೋಗ್ಯವಂತರ ಅಳತೆ ಬೇಕಿತ್ತು. ನಲವತ್ತು ಲಕ್ಷಕ್ಕೂ ಹೆಚ್ಚು ಜನ ಆಡಿದ ಆ ಆಟದಿಂದ, ನಗರದ ಹೊರಗೆ ಬೆಳೆದವರು ಸರಾಸರಿಯಲ್ಲಿ ಚೆನ್ನಾಗಿ ದಾರಿ ಹಿಡಿಯುತ್ತಾರೆ ಎಂಬುದು 2022ರಲ್ಲಿ ಪ್ರಕಟವಾಯಿತು. ನಿಮ್ಮ ಹಳ್ಳಿಯ ಮಕ್ಕಳಿಗೆ ಈ ಸುದ್ದಿ ಹಿಡಿಸಬಹುದು! ಸಂಶೋಧನೆ ಒಳ್ಳೆಯದೇ. ಆದರೆ ಮಕ್ಕಳ ವಯಸ್ಸು, ಲಿಂಗ, ಊರು ಕೇಳುವ ಇಂಥ ಆಟಗಳನ್ನು ಕಾಲೇಜಿನಲ್ಲಿ ಆಡಿಸುವ ಮೊದಲು ಪೋಷಕರ ಒಪ್ಪಿಗೆ ಬೇಕೇ ಬೇಕು; 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಆರಂಭಕ್ಕೆ ಮೊದಲ ಬಗೆಯ ಆಟಗಳನ್ನೇ ಆರಿಸಿಕೊಳ್ಳಿ. ಝೂನಿವರ್ಸ್‌ನಲ್ಲಿ ಖಾತೆ ತೆರೆಯದೆಯೂ ಕೆಲಸ ಮಾಡಬಹುದು, ಅದು ನಿಮಗೆ ಅನುಕೂಲ.

ಉತ್ತರ 3: ಸಂಶೋಧನಾ ವಿದ್ಯಾರ್ಥಿ (ರಚನಾ ಜೀವಶಾಸ್ತ್ರ), ಊರು ಮದ್ದೂರು

ಮೇಡಂ, ನಾನೂ ಮಂಡ್ಯದಲ್ಲೇ ಪಿಯು ಓದಿದವನು, ಈಗ ಪ್ರೋಟೀನುಗಳ ರಚನೆಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಮೇಲಿನ ಪ್ರಶ್ನೆಗೆ ಉತ್ತರಿಸಲು 2011ರ ಘಟನೆಯೊಂದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಕೋತಿಗಳಲ್ಲಿ ಏಡ್ಸ್‌ನಂಥ ಕಾಯಿಲೆ ತರುವ ಮೇಸನ್-ಫೈಝರ್ ಎಂಬ ವೈರಸ್ ಇದೆ. ಅದರ ಒಂದು ಕಿಣ್ವದ ಆಕಾರ ಹತ್ತು ವರ್ಷಕ್ಕೂ ಹೆಚ್ಚು ಕಾಲ ವಿಜ್ಞಾನಿಗಳಿಗೆ ದಕ್ಕಿರಲಿಲ್ಲ. ಕಿಣ್ವದ ಹರಳು ಸಿಕ್ಕಿತ್ತು, ಕ್ಷ-ಕಿರಣದ ದತ್ತಾಂಶವೂ ಕೈಯಲ್ಲಿತ್ತು; ಆದರೆ ಆ ದತ್ತಾಂಶದಿಂದ ಆಕಾರ ಬಿಡಿಸಲು ಆರಂಭಕ್ಕೆ ಒಂದು ಹತ್ತಿರದ ಮಾದರಿ ಬೇಕಾಗುತ್ತದೆ, ಮತ್ತು ಕಂಪ್ಯೂಟರ್ ಕೊಟ್ಟ ಯಾವ ಮಾದರಿಯೂ ಅಷ್ಟು ಹತ್ತಿರ ಬರಲಿಲ್ಲ. ಒಗಟನ್ನು ಫೋಲ್ಡಿಟ್ ಆಟಗಾರರ ಮುಂದಿಟ್ಟರು. ಒಂದು ತಂಡದಲ್ಲಿ ಒಬ್ಬರು ಮಾಡಿದ ಮಾದರಿಯನ್ನು ಇನ್ನೊಬ್ಬರು ತಿದ್ದಿದರು, ಅದನ್ನು ಮೂರನೆಯವರು ಎತ್ತಿಕೊಂಡು ಹೊರಕ್ಕೆ ಚಾಚಿಕೊಂಡಿದ್ದ ಒಂದು ಭಾಗವನ್ನು ಒಳಕ್ಕೆ ಮಡಿಸಿದರು. ಮೂರು ವಾರ ನಡೆದ ಆ ಸ್ಪರ್ಧೆಯಿಂದ ಬಂದ ಮಾದರಿಯನ್ನು ಹಿಡಿದು ವಿಜ್ಞಾನಿಗಳು ಆಕಾರವನ್ನು ಬಿಡಿಸಿದರು. ಪ್ರಬಂಧದ ಲೇಖಕರ ಸಾಲಿನಲ್ಲಿ ಆಟಗಾರರ ತಂಡಗಳ ಹೆಸರೂ ಅಚ್ಚಾಗಿದೆ. ಆ ಹೊತ್ತಿಗೆ ಯಂತ್ರಕ್ಕೆ ಆಗದಿದ್ದ ಒಂದು ಕೆಲಸವನ್ನು ಅವರು ಮಾಡಿದ್ದರು: ಆಟದ ಅಂಕ ಸ್ವಲ್ಪ ಹೊತ್ತು ಕುಸಿದರೂ ಪರವಾಗಿಲ್ಲವೆಂದು, ಇಡೀ ಸರಪಳಿಯನ್ನು ಬಿಚ್ಚಿ ಬೇರೆ ರೀತಿಯಲ್ಲಿ ಕಟ್ಟುವ ಧೈರ್ಯ ತೋರಿಸಿದ್ದರು.

ಸಾಫ್ಟ್‌ವೇರ್ ಸರ್ ಹೇಳಿದ್ದು ಸರಿ, ಆಕಾರ ಊಹಿಸುವ ಆ ಹಳೆಯ ಕೆಲಸದ ಬಹುಭಾಗವನ್ನು ಈಗ ಯಂತ್ರ ಮಾಡುತ್ತದೆ. ಆದರೆ ಫೋಲ್ಡಿಟ್ ಅಲ್ಲಿಗೇ ನಿಂತಿಲ್ಲ. ಇರುವ ಪ್ರೋಟೀನಿನ ಆಕಾರ ಊಹಿಸುವುದು ಒಂದಾದರೆ, ಪ್ರಕೃತಿಯಲ್ಲೇ ಇಲ್ಲದ ಪ್ರೋಟೀನನ್ನು ಹೊಸದಾಗಿ ವಿನ್ಯಾಸ ಮಾಡುವುದು ಇನ್ನೊಂದು. 2012ರಲ್ಲಿ ಆಟಗಾರರು ಒಂದು ಕಿಣ್ವಕ್ಕೆ ಹೊಸ ಭಾಗ ಸೇರಿಸಿ ಅದರ ಚುರುಕನ್ನು 18 ಪಟ್ಟಿಗಿಂತ ಹೆಚ್ಚಿಸಿದರು. 2019ರಲ್ಲಿ ಪ್ರಕಟವಾದ ಕೆಲಸದಲ್ಲಿ ಅವರ 146 ವಿನ್ಯಾಸಗಳನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಪರೀಕ್ಷಿಸಿದಾಗ 56 ಗಟ್ಟಿಯಾಗಿ ನಿಂತವು. ಈಗ ಆಟದೊಳಗೇ ಆಲ್ಫಾಫೋಲ್ಡನ್ನು ಸೇರಿಸಿದ್ದಾರೆ. ಆಟಗಾರ ತನ್ನ ವಿನ್ಯಾಸವನ್ನು ಅದಕ್ಕೆ ತೋರಿಸಿ, ಅಂದುಕೊಂಡಂತೆಯೇ ಮಡಿಸಿಕೊಳ್ಳುತ್ತದೆಯೇ ಎಂದು ಕೇಳಬಹುದು. ಯಂತ್ರ ಬಂದದ್ದರಿಂದ ಮನುಷ್ಯನ ಕೆಲಸ ಜಾಗ ಬದಲಿಸಿತು, ಇಲ್ಲವಾಗಲಿಲ್ಲ. ಇಷ್ಟಕ್ಕೂ ಆಲ್ಫಾಫೋಲ್ಡ್ ಕಲಿತದ್ದು, 1971ರಿಂದ ಜಗತ್ತಿನ ಪ್ರಯೋಗಾಲಯಗಳು ಒಂದೊಂದಾಗಿ ಬಿಡಿಸಿ ಸಾರ್ವಜನಿಕ ಭಂಡಾರದಲ್ಲಿ ಇಟ್ಟ ರಚನೆಗಳಿಂದಲೇ.

ಚಿತ್ರ ನೋಡಿ ಹೇಳುವ ಯೋಜನೆಗಳಲ್ಲಿ ಈ ನಂಟು ಇನ್ನೂ ನೇರ. ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆ ಝೂನಿವರ್ಸ್‌ನಲ್ಲಿ ನಡೆಸಿದ 'ಎಚ್ ಎ ಸೆಲ್' (Etch a Cell) ಯೋಜನೆಯಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಬೂದು ಬಣ್ಣದ ಚಿತ್ರದಲ್ಲಿ ಕೋಶಕೇಂದ್ರದ ಹೊರಪೊರೆ ಎಲ್ಲಿದೆ ಎಂದು ಮೌಸ್‌ನಿಂದ ಗೆರೆ ಎಳೆಯಬೇಕಿತ್ತು. ಒಂದೇ ಚಿತ್ರದ ಮೇಲೆ ಹಲವರು ಎಳೆದ ಗೆರೆಗಳನ್ನು ಸೇರಿಸಿ, ಅದರಿಂದ ಯಂತ್ರಕ್ಕೆ ತಾನೇ ಗೆರೆ ಎಳೆಯಲು ಕಲಿಸಿದರು. ಸ್ಟಾಲ್ ಕ್ಯಾಚರ್ಸ್ ಆಟಗಾರರ ಉತ್ತರಗಳನ್ನೂ 2020ರಲ್ಲಿ ಯಂತ್ರಕಲಿಕೆಯ ಸ್ಪರ್ಧೆಯೊಂದಕ್ಕೆ ಕೊಟ್ಟಿದ್ದರು. ಹೊಸ ರೀತಿಯ ಚಿತ್ರ, ಹೊಸ ಅಂಗ, ಹೊಸ ಕಾಯಿಲೆ ಬಂದಾಗಲೆಲ್ಲ ಯಂತ್ರಕ್ಕೆ ಮೊದಲ ಪಾಠ ಹೇಳಲು ಮನುಷ್ಯರ ಕಣ್ಣೇ ಬೇಕು.

ನಿಮ್ಮ ಮಕ್ಕಳಲ್ಲಿ ಒಗಟು ಬಿಡಿಸುವ ಹುಚ್ಚಿರುವವರಿಗೆ ನಾನು ಒತ್ತಿ ಹೇಳುವುದು ಎಟರ್ನಾ. ಆರ್‌ಎನ್‌ಎಯ ನಾಲ್ಕು ಅಕ್ಷರಗಳನ್ನು ಬದಲಿಸುತ್ತಾ, ಕೊಟ್ಟ ಆಕಾರಕ್ಕೆ ಮಡಿಸಿಕೊಳ್ಳುವ ಸರಪಳಿಯನ್ನು ರಚಿಸುವ ಆಟ ಅದು. ಆಯ್ದ ವಿನ್ಯಾಸಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ನಿಜವಾಗಿ ತಯಾರಿಸಿ ಅಳೆದು, ಫಲಿತಾಂಶವನ್ನು ಆಟಗಾರರಿಗೆ ಹಿಂದಿರುಗಿಸುತ್ತಾರೆ. ಪಿಯು ಪಠ್ಯದಲ್ಲಿ ಬರುವ ಎ-ಯು, ಜಿ-ಸಿ ಜೋಡಿಗಳು ಇಲ್ಲಿ ಕೈಗೆ ಸಿಗುತ್ತವೆ. ಜಿ-ಸಿ ಜೋಡಿ ಏಕೆ ಗಟ್ಟಿ ಎಂದು ಮಕ್ಕಳು ಬಾಯಿಪಾಠ ಮಾಡಬೇಕಾಗಿಲ್ಲ, ಎ-ಯು ಜೋಡಿಗಳನ್ನೇ ತುಂಬಿದ ಕಡ್ಡಿಯಂಥ ಭಾಗ ಬಿಚ್ಚಿಕೊಳ್ಳುವುದನ್ನು ಕಣ್ಣಾರೆ ನೋಡುತ್ತಾರೆ. 2016ರಲ್ಲಿ ಈ ಆಟದವರು ಕ್ಷಯ ರೋಗದ ಸವಾಲೊಂದನ್ನು ಕೈಗೆತ್ತಿಕೊಂಡರು. ಕ್ಷಯ ಸಕ್ರಿಯವಾಗಿರುವವರ ರಕ್ತದಲ್ಲಿ ಮೂರು ಜೀನುಗಳ ಪ್ರಮಾಣ ಬದಲಾಗುವುದನ್ನು ಗುರುತಿಸಬಲ್ಲ ಆರ್‌ಎನ್‌ಎ ಸಾಧನವನ್ನು ವಿನ್ಯಾಸ ಮಾಡುವುದು ಅದರ ಗುರಿ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇರುವಾಗ, ಇಂಥ ಒಗಟಿನ ಮುಂದೆ ನಮ್ಮ ಮಕ್ಕಳು ಕೂರದಿದ್ದರೆ ಇನ್ನಾರು ಕೂರಬೇಕು? ಅದೇ ವರ್ಷ ಎಟರ್ನಾ ಆಟಗಾರರೇ ಮುಖ್ಯ ಲೇಖಕರಾಗಿ, ಯಾವ ಆಕಾರಗಳ ವಿನ್ಯಾಸ ಏಕೆ ಕಷ್ಟ ಎಂಬುದರ ಮೇಲೆ ಸಂಶೋಧನಾ ಪ್ರಬಂಧವನ್ನೂ ಪ್ರಕಟಿಸಿದರು.

ಹಾಗಾಗಿ ನನ್ನ ಸಲಹೆ: ಮೊದಲ ಕೆಲವು ವಾರ ಝೂನಿವರ್ಸ್‌ನ ಜೀವಕೋಶ ಯೋಜನೆ ಅಥವಾ ಸ್ಟಾಲ್ ಕ್ಯಾಚರ್ಸ್, ಅದರಲ್ಲಿ ಕುಳಿತು ನೋಡುವ ತಾಳ್ಮೆ ಬಂದವರಿಗೆ ಎಟರ್ನಾ. ಇವೆಲ್ಲ ಬ್ರೌಸರ್‌ನಲ್ಲೇ ನಡೆಯುತ್ತವೆ. ಫೋಲ್ಡಿಟನ್ನು ಪ್ರತಿ ಕಂಪ್ಯೂಟರಿಗೂ ಇಳಿಸಿಕೊಳ್ಳಬೇಕು, ಅದರ ಅಭ್ಯಾಸದ ಹಂತಗಳೂ ಉದ್ದ. ಅದನ್ನು ರಜೆಗೆ ಬಿಡಿ. ಯೋಜನೆಗಳು ಮುಗಿಯುತ್ತವೆ, ಹೊಸವು ಬರುತ್ತವೆ, ಆದ್ದರಿಂದ ಆ ವಾರ ಯಾವ ದತ್ತಾಂಶ ಚಾಲ್ತಿಯಲ್ಲಿದೆ ಎಂದು ನೋಡಿಕೊಂಡೇ ತರಗತಿಗೆ ಹೋಗಿ.

ಪ್ರಶ್ನೆ ಕೇಳಿದವರು: ಉಪನ್ಯಾಸಕಿ, ಮಂಡ್ಯ

ಮೂವರಿಗೂ ತುಂಬು ಹೃದಯದ ಧನ್ಯವಾದ. ಪಕ್ಕದ ಪರದೆಗೆ ಇಣುಕದಿರುವ ನಿಯಮ ನನಗೆ ಹೊಳೆದೇ ಇರಲಿಲ್ಲ, ಅದನ್ನು ಖಂಡಿತ ಜಾರಿಗೆ ತರುತ್ತೇನೆ.

ನಿನ್ನೆ ಮಕ್ಕಳೊಂದಿಗೆ ವಿಷಯ ಪ್ರಸ್ತಾಪಿಸಿದಾಗ ಅವರಿಂದ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಇಡುತ್ತಿದ್ದೇನೆ. ಒಬ್ಬಳು, "ಮೇಡಂ, ಇದರಿಂದ ನಮ್ಮ ಅಜ್ಜಿಯ ಮರೆವು ವಾಸಿಯಾಗುತ್ತಾ?" ಎಂದು ಕೇಳಿದಳು. ಸುಳ್ಳು ಭರವಸೆ ಕೊಡಲು ನನಗೆ ಇಷ್ಟವಿಲ್ಲ, ಹಾಗೆಂದು ಆ ಹುಡುಗಿಯ ಉತ್ಸಾಹ ಇಳಿಸಲೂ ಮನಸ್ಸಿಲ್ಲ. ಇನ್ನೊಂದು ಪ್ರಶ್ನೆ ಪೋಷಕರದ್ದೇ ಎನ್ನಬೇಕು: ಸಿಇಟಿ, ನೀಟ್ ತಯಾರಿಯ ಹೊತ್ತನ್ನು ತೆಗೆದು ಇದಕ್ಕೆ ಕೊಟ್ಟರೆ ಮಕ್ಕಳಿಗೆ ಪ್ರಮಾಣಪತ್ರವಾದರೂ ಸಿಗುತ್ತದೆಯೇ? ಜೊತೆಗೆ, ಆಟದ ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿರುವುದರಿಂದ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಮೊದಲ ದಿನವೇ ಹಿಂದೆ ಸರಿಯುವ ಭಯ ನನಗಿದೆ.

ಉತ್ತರ 4: ಗೃಹಿಣಿ, ಸರಸ್ವತಿಪುರಂ, ಮೈಸೂರು

ಆ ಹುಡುಗಿಯ ಪ್ರಶ್ನೆಗೆ ನಾನು ಉತ್ತರಿಸಬಹುದು ಅನಿಸಿತು ಮೇಡಂ. ನಮ್ಮ ಯಜಮಾನರಿಗೆ ಆಲ್‌ಝೈಮರ್ಸ್ ಇದೆ. ಅವರು ಮಧ್ಯಾಹ್ನ ಮಲಗಿದ ಮೇಲೆ ನಾನು ಸ್ಟಾಲ್ ಕ್ಯಾಚರ್ಸ್ ಆಡುತ್ತೇನೆ. ಇದರಿಂದ ಅವರು ವಾಸಿಯಾಗುತ್ತಾರೆಂದು ನಾನು ಆಡುತ್ತಿಲ್ಲ. ಅವರ ಆರೈಕೆ ಮಾತ್ರೆ, ಊಟ, ವೈದ್ಯರು ಮತ್ತು ನನ್ನ ಕೈಯಲ್ಲಿದೆ. ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲಿಯೂ ನಿಜವೇ ಎಂದು ಗೊತ್ತಾಗಲು, ಅದರಿಂದ ಔಷಧ ಹುಟ್ಟಲು, ಆ ಔಷಧ ಪರೀಕ್ಷೆಗಳನ್ನೆಲ್ಲ ದಾಟಿ ಬರಲು ವರ್ಷಗಟ್ಟಲೆ ಬೇಕು, ಎಷ್ಟೋ ಸಲ ದಾರಿ ಮಧ್ಯದಲ್ಲೇ ನಿಲ್ಲುವುದೂ ಉಂಟು. ಅವಳಿಗೆ ಇದನ್ನು ಹೀಗೆಯೇ ಹೇಳಿ. ಅಜ್ಜಿಯನ್ನು ಕಣ್ಣೆದುರು ನೋಡುತ್ತಿರುವ ಮಗುವಿಗೆ ನಿಜ ತಡೆದುಕೊಳ್ಳುವ ಶಕ್ತಿ ಇರುತ್ತದೆ.

ಹಾಗಾದರೆ ಏಕೆ ಆಡಬೇಕು ಎಂದು ಅವಳು ಕೇಳಿದರೆ, ಒಂದು ಫಲಿತಾಂಶದ ಕಥೆ ಹೇಳಿ. ಕೊಬ್ಬು ಹೆಚ್ಚಿರುವ ಆಹಾರ ತಿಂದ ಇಲಿಗಳಲ್ಲಿ ನಿಂತುಹೋದ ನಾಳಗಳು ಹೆಚ್ಚಾಗುತ್ತವೆಯೇ ಎಂಬ ಪ್ರಶ್ನೆಗೆ ನಮ್ಮಂಥ ಆಟಗಾರರು ನಾಳಗಳನ್ನು ನೋಡಿ ಕೊಟ್ಟ ಉತ್ತರದಿಂದ ತಿಳಿದದ್ದು, ಹೆಚ್ಚಾಗುವುದಿಲ್ಲ ಎಂದು. ಆ ಆಹಾರದಿಂದ ಬೇರೆ ಕೇಡುಗಳಿದ್ದವು, ಆದರೆ ಅವು ಈ ದಾರಿಯಿಂದ ಬಂದವಲ್ಲ. ಒಂದು ದಾರಿ ಅಲ್ಲವೆಂದು ಗೊತ್ತಾದರೆ ಮುಂದಿನವರು ಆ ಕಡೆಗೆ ವರ್ಷಗಳನ್ನು ಹಾಕುವುದು ತಪ್ಪುತ್ತದೆ. ನನಗೆ ಅಷ್ಟು ಸಾಕು.

ಆಡುವ ಬಗ್ಗೆ ಒಂದು ಮಾತು: ಅನುಮಾನ ಬಂದಾಗ ಬೇಗಬೇಗ ಒತ್ತಬೇಡಿ ಎಂದು ಮಕ್ಕಳಿಗೆ ಹೇಳಿ. ಪಕ್ಕದ ನಾಳದ ಹರಿವು ಕಣ್ಣನ್ನು ಬಹಳ ಸಲ ಮೋಸ ಮಾಡುತ್ತದೆ. ಗೆರೆಯೊಳಗಿನ ನಾಳ ಪರದೆಗೆ ಬರುವ ಚೌಕಟ್ಟುಗಳಲ್ಲಷ್ಟೇ ಪಟ್ಟಿಯನ್ನು ನಿಧಾನವಾಗಿ ಹಿಂದೆ ಮುಂದೆ ಆಡಿಸುತ್ತಾ ಒಂದೇ ಕಪ್ಪು ಮಚ್ಚೆಯ ಮೇಲೆ ಕಣ್ಣು ನೆಟ್ಟರೆ ಉತ್ತರ ತಾನಾಗಿಯೇ ಕಾಣುತ್ತದೆ.

ಉತ್ತರ 5: ಸಂಶೋಧನಾ ವಿದ್ಯಾರ್ಥಿ, ಊರು ಮದ್ದೂರು

ಅಮ್ಮ, ನಿಮ್ಮ ಉತ್ತರವನ್ನು ನನ್ನ ಪ್ರಯೋಗಾಲಯದ ಗೆಳೆಯರಿಗೂ ಓದಿ ಹೇಳಿದೆ.

ಮೇಡಂ, ಪ್ರಮಾಣಪತ್ರದ ಬಗ್ಗೆ ನೇರವಾಗಿ ಹೇಳುತ್ತೇನೆ. ಸಿಇಟಿಗಾಗಲಿ ನೀಟ್‌ಗಾಗಲಿ ಇದರಿಂದ ಒಂದು ಅಂಕವೂ ಸೇರುವುದಿಲ್ಲ; ಪೋಷಕರಿಗೆ ಬೇರೆ ರೀತಿಯಲ್ಲಿ ಹೇಳಬೇಡಿ. ಪ್ರಮಾಣಪತ್ರದ ಬದಲಿಗೆ ಪ್ರತಿ ಮಗುವಿನ ಕೈಯಲ್ಲೂ ಒಂದು ನೋಟ್‌ಬುಕ್ ಇರಲಿ. ಆ ದಿನ ಯಾವ ಯೋಜನೆ, ಅದು ಕೇಳುವ ಪ್ರಶ್ನೆ ಏನು, ತನಗೆ ತೀರ್ಮಾನ ಕಷ್ಟವಾದ ಒಂದು ಚಿತ್ರ ಯಾವುದು, ಏಕೆ ಕಷ್ಟವಾಯಿತು ಎಂದು ಅದರಲ್ಲಿ ಕನ್ನಡದಲ್ಲೇ ಬರೆಯಲಿ. ರಕ್ತ ಪರಿಚಲನೆ, ಕೋಶಕೇಂದ್ರದ ಪೊರೆ, ಆರ್‌ಎನ್‌ಎ ಜೋಡಣೆ, ಇವೆಲ್ಲ ಅವರ ಪಠ್ಯದಲ್ಲೇ ಇವೆ. ಪಾಠಕ್ಕೂ ಶನಿವಾರಕ್ಕೂ ನಂಟು ಕಂಡರೆ ಹೊತ್ತು ಪೋಲಾಯಿತೆಂಬ ಆತಂಕ ಪೋಷಕರಿಗೂ ಕಡಿಮೆಯಾಗುತ್ತದೆ.

ಭಾಷೆಯ ವಿಷಯಕ್ಕೆ ಪರಿಹಾರವಿದೆ. ಝೂನಿವರ್ಸ್‌ನಲ್ಲಿ, ಯೋಜನೆ ನಡೆಸುವವರು ಒಪ್ಪಿ ಅನುಮತಿ ಕೊಟ್ಟರೆ, ಸೂಚನೆಗಳನ್ನು ಸ್ವಯಂಸೇವಕರೇ ತಮ್ಮ ಭಾಷೆಗೆ ತರುವ ವ್ಯವಸ್ಥೆ ಇದೆ. ಅವರಿಗೆ ನಾನು ಪತ್ರ ಬರೆಯುತ್ತೇನೆ. ಅನುಮತಿ ಬರುವವರೆಗೆ ಸ್ಟಾಲ್ ಕ್ಯಾಚರ್ಸ್ ಮತ್ತು ಜೀವಕೋಶ ಯೋಜನೆಯ ಸೂಚನೆಗಳನ್ನು ಎರಡು ಪುಟಗಳಲ್ಲಿ ಕನ್ನಡಕ್ಕೆ ಇಳಿಸಿ, ಚಿತ್ರ ಸಹಿತ ನಿಮಗೆ ಕಳಿಸುತ್ತೇನೆ. ನೀವು ಅದರ ಪ್ರತಿ ಮಾಡಿಸಿ ಹಂಚಬಹುದು. ಸ್ಲೈಡ್ ನೋಡಿ ಪಳಗಿದ ಹಿರಿಯರು ಒಮ್ಮೆ ಅದನ್ನು ತಿದ್ದಿಕೊಟ್ಟರೆ ಇನ್ನೂ ಒಳ್ಳೆಯದು. ಲ್ಯಾಬಿನಲ್ಲಿ ಎಷ್ಟು ಕಂಪ್ಯೂಟರುಗಳು ಒಟ್ಟಿಗೆ ಇಂಟರ್ನೆಟ್‌ಗೆ ಸೇರಿ ಓಡುತ್ತವೆ ಎಂದು ಮಾತ್ರ ಈ ವಾರ ನೋಡಿ ತಿಳಿಸಿ. ಸ್ಟಾಲ್ ಕ್ಯಾಚರ್ಸ್‌ನ ವಿಡಿಯೊ ತುಣುಕುಗಳಿಗೆ ನೆಟ್‌ವರ್ಕ್ ಸಾಲದಿದ್ದರೆ, ಸ್ಥಿರ ಚಿತ್ರಗಳಿರುವ ಜೀವಕೋಶ ಯೋಜನೆಯಿಂದಲೇ ಮೊದಲ ಶನಿವಾರ ಆರಂಭಿಸೋಣ.